ಸದ್ದಿಲ್ಲದ ಫ್ಯಾನು

ನಾಲ್ಕನೆಯ ಸ್ಕ್ರೂ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ.

ಮೂರು ಬಂದಿದ್ದವು. ಅವನ್ನು ಒಂದು ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿ ಇಟ್ಟಿದ್ದ. ನಾಲ್ಕನೆಯದರ ತಲೆ ಸವೆದು, ಸ್ಕ್ರೂಡ್ರೈವರ್ ಇಟ್ಟಲ್ಲೇ ಜಾರುತ್ತಿತ್ತು. ಬರದಿದ್ದರೇ ಒಳ್ಳೆಯದೇನೋ ಎಂದು ಅವನಿಗೆ ಅನ್ನಿಸಿತು. ಸ್ಕ್ರೂ ಬರಲಿಲ್ಲ, ನಾನೇನು ಮಾಡಲಿ ಎಂದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಅಂದುಕೊಳ್ಳುವಷ್ಟರಲ್ಲಿ ಅದು ಕಿರ್ರೆಂದು ತಿರುಗಿ ಸಡಿಲವಾಯಿತು.

ಹಳೆಯ ಫ್ಯಾನು ಅಂಗೈಯಗಲ ಇತ್ತು. ರೆಕ್ಕೆಗಳಿಗೆ ಬೂದು ಧೂಳು ದಪ್ಪಗೆ ಮೆತ್ತಿಕೊಂಡಿತ್ತು. ನಾಲ್ಕು ವರ್ಷ ಮನೆಯನ್ನು ತಲೆಯ ಮೇಲೆ ಹೊತ್ತಿದ್ದು ಇಷ್ಟೇ ಇಷ್ಟು ಪ್ಲಾಸ್ಟಿಕ್. ಪಕ್ಕದ ಪೆಟ್ಟಿಗೆಯಲ್ಲಿ ಇದರ ಜೋಡಿ ಇನ್ನೂ ಗೊರಗುಡುತ್ತಿತ್ತು.

ಪೆಟ್ಟಿಗೆಗಳು ಎರಡು, ಮಲಗುವ ಕೋಣೆಯ ಕಿಟಕಿಯ ಹತ್ತಿರ ಮೇಜಿನ ಮೇಲೆ, ಗೋಡೆಗೆ ಬೆನ್ನು ಹಾಕಿ ಕೂತಿದ್ದವು. ಒಂದೊಂದರಲ್ಲಿ ನಾಲ್ಕು ಹಾರ್ಡ್ ಡಿಸ್ಕು, ಅವು ಕಾಯದಿರಲೆಂದು ಹಿಂದೆ ಒಂದು ಫ್ಯಾನು. ಆ ಎಂಟು ಡಿಸ್ಕುಗಳಲ್ಲಿ ಹತ್ತೊಂಬತ್ತು ವರ್ಷಗಳ ಜಗಳ ತುಂಬಿತ್ತು. ಅವನು ಒಂದು ನ್ಯಾಯಮಂಡಳಿಯಲ್ಲಿ ವಿಚಾರಣೆಯ ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸುವ ಕೆಲಸದಲ್ಲಿದ್ದ. ಮನೆ ಮಾಲೀಕ ಬಾಡಿಗೆದಾರನಿಗೆ ಏನಂದ, ಅಣ್ಣ ತಮ್ಮನಿಗೆ ಏನಂದ, ಗಂಡ ಹೆಂಡತಿಗೆ ಏನಂದ, ಒಂದಕ್ಷರ ಬಿಡದೆ ಬರೆಯುವುದು. ಒಮ್ಮೆ ಕಚೇರಿಯ ಯಂತ್ರ ಕೆಟ್ಟು ಆರು ತಿಂಗಳ ಮಾತು ಮಾಯವಾದ ಮೇಲೆ, ಇನ್ನೊಂದು ಪ್ರತಿ ಇವನ ಮನೆಯಲ್ಲೂ ಇರಲಿ ಎಂದು ಮೇಲಧಿಕಾರಿಯೇ ಪೆಟ್ಟಿಗೆಗಳನ್ನು ಕೊಡಿಸಿದ್ದರು.

ಗದ್ದಲದ ನಡುವೆ ಗೊಣಗಿದ್ದನ್ನು ಹೆಕ್ಕುವುದರಲ್ಲಿ ಅವನದು ಎತ್ತಿದ ಕೈ. ಸಾಕ್ಷಿ ಬಾಯೊಳಗೇ ಅಂದುಕೊಂಡದ್ದು, ವಕೀಲರ ಕೆಮ್ಮಿನಡಿ ಮುಚ್ಚಿಹೋದದ್ದು, ಯಾರೋ ಕುರ್ಚಿ ಎಳೆಯುವಾಗ ಇನ್ಯಾರೋ ಬೈದದ್ದು, ಎಲ್ಲ ಅವನಿಗೆ ಕೇಳುತ್ತಿತ್ತು. ಎಷ್ಟು ಸಲ ಕೇಳಿದರೂ ತಿಳಿಯದಿದ್ದರೆ ‘ಅಸ್ಪಷ್ಟ’ ಎಂದು ಬರೆಯಬೇಕೆಂಬ ನಿಯಮವಿತ್ತು. ಅವನ ಪುಟಗಳಲ್ಲಿ ಆ ಪದ ಹುಡುಕಿದರೂ ಸಿಗುತ್ತಿರಲಿಲ್ಲ.

ಮನೆಯಲ್ಲಿ ಮಾತ್ರ ಕಿವಿ ಮಂದ. ಹೆಂಡತಿ ಏನಾದರೂ ಅನ್ನುವಳು. ಅವನು "ಏನಂದೆ?" ಎನ್ನುವನು. ಅವಳು "ಏನಿಲ್ಲ" ಎನ್ನುವಳು. ಫ್ಯಾನಿನ ಸದ್ದಿಗೆ ಕೇಳಿಸಲಿಲ್ಲ ಎಂದರೆ ಯಾರೂ ತಪ್ಪು ತಿಳಿಯುವ ಹಾಗಿರಲಿಲ್ಲ. ನಾಲ್ಕು ವರ್ಷದಿಂದ ಸಂಸಾರ ಹೀಗೆ ಸಾಗಿತ್ತು, ಯಾವ ತಂಟೆಯೂ ಇಲ್ಲದೆ.

ಅವಳು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಫ್ಯಾನುಗಳು ಸದ್ದು ಶುರುಮಾಡಿದಾಗ, ನಿದ್ದೆ ಬರಲ್ಲ ಎಂದು ದಿಂಬು ತೆಗೆದುಕೊಂಡು ಹೊರಗಿನ ಕೋಣೆಯ ಸೋಫಾಕ್ಕೆ ಹೋದಳು. ಫ್ಯಾನು ಸರಿಯಾಗುವ ತನಕ ಎಂದಿದ್ದಳು. ಮುಂದಿನ ವಾರ ಸರಿಮಾಡಿಸ್ತೀನಿ ಎಂದು ಅವನೂ ಅಂದಿದ್ದ. ಆ ಮುಂದಿನ ವಾರ ಬಂದಿರಲಿಲ್ಲ. ಅದಕ್ಕೆ ಮೊದಲು ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿಯಾಗುವುದಕ್ಕೆ ಒಂದು ದಾರಿಯಾದರೂ ಇರುತ್ತಿತ್ತು.

ಕಂಪ್ಯೂಟರ್ ರಿಪೇರಿಯವನು ಆಗಲೇ ಉಪಾಯ ಹೇಳಿದ್ದ. ಫ್ಯಾನಿನ ಹಿಂದಿನ ಸ್ಟಿಕ್ಕರ್ ಎಬ್ಬಿಸಿ ಒಂದೇ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಸದ್ದು ಅಡಗುತ್ತದೆ. ಇದನ್ನು ಅವನು ಹೆಂಡತಿಗೂ ಹೇಳಿದ್ದ. ಅವಳ ಹೊಲಿಗೆ ಯಂತ್ರದ ಎಣ್ಣೆ ಶೀಷೆ ಅದೇ ಕೋಣೆಯ ಕಿಟಕಿಯಲ್ಲಿತ್ತು, ಪೆಟ್ಟಿಗೆಯಿಂದ ಒಂದು ಮೊಳ ದೂರ. ವಾರಕ್ಕೊಮ್ಮೆ ಅವಳು ಅದರ ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದಳು. ಅವನು ಅದನ್ನು ನೋಡುತ್ತಿದ್ದ.

ಎಲ್ಲ ಸರಿಯಾಗಿಯೇ ಇತ್ತು, ಹೋದ ಭಾನುವಾರ ಅವಳ ಅಕ್ಕ ಬರುವ ತನಕ. ಅಕ್ಕನಿಗೆ ಕಂಡದ್ದನ್ನು ಕೇಳದೆ ಗೊತ್ತಿಲ್ಲ. ಸೋಫಾದ ಮೂಲೆಯಲ್ಲಿ ಮಡಿಸಿಟ್ಟ ಹೊದಿಕೆ ಕಂಡಿತು, ಕೇಳಿದಳು. ತಂಗಿ ಫ್ಯಾನಿನ ಕಡೆ ಕೈ ತೋರಿಸಿದಳು. ಇಬ್ಬರೇ ಇರೋ ಮನೆಯಲ್ಲಿ ಇದೇನು ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದ ಹಾಗೆ ಎಂದು ಅಕ್ಕ ನಕ್ಕಳು. ಅವಳ ಗಂಡ, ಅಂದರೆ ಇವನ ಷಡ್ಡಕ, ಕಾರ್ಖಾನೆಯಲ್ಲಿ ಯಂತ್ರಗಳ ಉಸ್ತುವಾರಿ ನೋಡುವವನು. ಕೆಟ್ಟದ್ದನ್ನು ಕಂಡರೆ ಆತನ ಕೈ ಸುಮ್ಮನಿರುವುದಿಲ್ಲ. ಅಲ್ಲೇ ಜೇಬಿನಿಂದ ಟೇಪು ತೆಗೆದು ಅಳತೆ ಹಿಡಿದ. ಗುರುವಾರ ಎರಡು ಹೊಸ ಫ್ಯಾನು ಪಾರ್ಸೆಲಿನಲ್ಲಿ ಬಂದವು. ಡಬ್ಬಿಯ ಮೇಲೆ, ಓಡುತ್ತಿರುವುದೇ ಗೊತ್ತಾಗುವುದಿಲ್ಲ ಎಂದು ಬರೆದಿತ್ತು.

ಮೂರು ದಿನ ಡಬ್ಬಿ ಊಟದ ಮೇಜಿನ ಮೇಲೆ ಕೂತಿತ್ತು. ಇಬ್ಬರೂ ಅದನ್ನು ಮುಟ್ಟದೆ ಸುತ್ತುಬಳಸಿ ಓಡಾಡಿದರು. ಇವತ್ತು ಬೆಳಿಗ್ಗೆ ಅವಳು, "ಅಕ್ಕ ಸಂಜೆ ಫೋನ್ ಮಾಡ್ತಾಳಂತೆ" ಎಂದಳು. ಅವನು ಸ್ಕ್ರೂಡ್ರೈವರ್ ಹುಡುಕಲು ಎದ್ದ.

ಮೊದಲ ಪೆಟ್ಟಿಗೆಯಲ್ಲಿ ಹೊಸ ಫ್ಯಾನು ಸಲೀಸಾಗಿ ಕೂತಿತು. ಸ್ಕ್ರೂಗಳ ಬದಲು ರಬ್ಬರಿನ ಗೂಟ ಕೊಟ್ಟಿದ್ದರು, ಫ್ಯಾನಿನ ನಡುಕ ತಗಡಿಗೆ ತಾಗದಿರಲೆಂದು. ವೈರು ಸಿಕ್ಕಿಸಿ ಸ್ವಿಚ್ ಒತ್ತಿದ. ರೆಕ್ಕೆಗಳು ತಿರುಗಿದವು. ಮೂರು ಎಣಿಸುವಷ್ಟರಲ್ಲಿ ಪೆಟ್ಟಿಗೆಯ ಮುಂಭಾಗದಲ್ಲಿ ಕೆಂಪು ದೀಪ ಹತ್ತಿ, ಕೀ ಕೀ ಎಂದು ಚೀರತೊಡಗಿತು.

ಅವಳು ಬಾಗಿಲಿಗೆ ಬಂದಳು. ಕೈಯಲ್ಲಿ ಕೆಂಪು ಪೆನ್ನಿತ್ತು. ಬೆಳಿಗ್ಗೆಯಿಂದ ಹೊರಗಿನ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದಳು.

"ಕೆಟ್ಟೋಯ್ತಾ?"

"ಇಲ್ಲ. ನೋಡ್ತೀನಿ."

ಕೆಟ್ಟೋಯ್ತಾ ಎಂದ ದನಿಯಲ್ಲಿ ಗಾಬರಿಯಿರಲಿಲ್ಲ. ಇದನ್ನು ಅವನ ಕಿವಿ ಗುರುತು ಹಾಕಿಕೊಂಡಿತು. ಅವಳು ಒಂದು ನಿಮಿಷ ನಿಂತು ಹೋದಳು.

ರಿಪೇರಿಯವನಿಗೆ ಫೋನ್ ಮಾಡಿದ. ರಜಾ ದಿನವೂ ಅಂಗಡಿ ತೆರೆದಿರುವವನು ಆತ. ಚೀರುವುದನ್ನು ಫೋನಿನಲ್ಲೇ ಕೇಳಿಸಿಕೊಂಡು ನಕ್ಕ.

"ಜೋರಾಗಿ ತಿರುಗಿದ್ರೇನೇ ಫ್ಯಾನ್ ಬದುಕಿದೆ ಅಂತ ಅದರ ನಂಬಿಕೆ ಸಾರ್. ನಿಧಾನ ತಿರುಗಿದ್ರೆ ಸತ್ತೋಯ್ತು ಅನ್ಕೊಂಡು ಕೂಗುತ್ತೆ. ಹಿಂದೆ ಒಂದು ಚಿಕ್ಕ ಬಟನ್ ಇದೆ ನೋಡಿ. ಒತ್ತಿಬಿಟ್ರೆ ಸುಮ್ಮನಾಗುತ್ತೆ."

"ಆಮೇಲೆ ನಿಜವಾಗ್ಲೂ ನಿಂತುಹೋದ್ರೆ?"

"ಆಗ ಹೇಳೋರು ಯಾರೂ ಇರಲ್ಲ. ನೀವೇ ದಿನಾ ನೋಡ್ಕೋತಾ ಇರ್ಬೇಕು."

ಬಟನ್ ಒತ್ತಿದ. ಪೆಟ್ಟಿಗೆ ಸುಮ್ಮನಾಯಿತು. ಕಂಪ್ಯೂಟರಿನ ಪರದೆಯ ಮೇಲೆ ಡಿಸ್ಕುಗಳ ಬಿಸಿ ಅಂಕಿಯಲ್ಲಿ ತೋರುತ್ತಿತ್ತು: ಮೂವತ್ತೊಂಬತ್ತು, ನಲವತ್ತೊಂದು, ನಲವತ್ತೆರಡು, ನಲವತ್ತು. ನಲವತ್ತೈದರೊಳಗಿದ್ದರೆ ಕ್ಷೇಮ. ಐವತ್ತು ದಾಟಿದರೆ ಡಿಸ್ಕಿನ ಆಯುಸ್ಸು ಕರಗುತ್ತದೆ, ಒಂದು ದಿನ ಹೇಳದೆ ಕೇಳದೆ ಹೋಗಿಬಿಡುತ್ತದೆ. ಅವನು ಅರ್ಧ ಗಂಟೆ ಅಂಕಿಗಳನ್ನೇ ನೋಡುತ್ತ ಕೂತ. ಅವು ಕದಲಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಯಲ್ಲಿ ಅರ್ಧ ಸದ್ದಷ್ಟೇ ಉಳಿದಿತ್ತು. ಅವಳು ತಟ್ಟೆಗೆ ಬಡಿಸುತ್ತ ತಲೆ ಓರೆಮಾಡಿ ಆಲಿಸಿದಳು.

"ಇನ್ನೊಂದು ಯಾವಾಗ?"

"ಊಟ ಆದ್ಮೇಲೆ."

"ಅವಸರ ಏನಿಲ್ಲ."

"ಅಕ್ಕ ಫೋನ್ ಮಾಡ್ತಾಳಲ್ಲ."

"ಹೂಂ, ಮಾಡ್ತಾಳೆ."

ಅವನು ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಹಸಿವಿರಲಿಲ್ಲ.

ಎರಡನೆಯ ಪೆಟ್ಟಿಗೆಯ ಸ್ಕ್ರೂಗಳು ನಾಲ್ಕೂ ತಕರಾರಿಲ್ಲದೆ ಬಂದವು. ಫ್ಯಾನು ಕೂರಿಸಿದ, ಬಟನ್ ಮೊದಲೇ ಒತ್ತಿದ, ಸ್ವಿಚ್ ಹಾಕಿದ. ಪರದೆಯಲ್ಲಿ ಅಂಕಿಗಳು ಏರತೊಡಗಿದವು. ನಲವತ್ತಮೂರು. ನಲವತ್ತಾರು. ಕಾಲು ಗಂಟೆಯಲ್ಲಿ ನಲವತ್ತೊಂಬತ್ತು. ಆಮೇಲೆ ಐವತ್ತೆರಡು.

ಅವನಿಗೆ ಎದೆಯೊಳಗೆ ಏನೋ ಹಗುರಾಯಿತು. ಅದನ್ನು ಸಂತೋಷ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು, ಆದರೆ ಅದು ಸಂತೋಷವೇ ಆಗಿತ್ತು. ಹೆಂಡತಿಯನ್ನು ಕರೆದ.

"ಬಿಸಿ ಏರ್ತಿದೆ ನೋಡು. ಈ ಫ್ಯಾನಿಗೆ ಗಾಳಿ ಸಾಲದು."

ಅವಳು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು, ಜ್ವರ ಬಂದವರ ಹಣೆ ಮುಟ್ಟುವ ಹಾಗೆ. ಇಟ್ಟ ಕೈ ತೆಗೆಯಲಿಲ್ಲ.

"ಹೌದು. ಸುಡ್ತಿದೆ. ಹಳೇದನ್ನೇ ಹಾಕ್ಬೇಕಾಗುತ್ತೇನೋ."

"ಹಾಗೇ ಕಾಣುತ್ತೆ."

"ಕಚೇರಿ ಸಾಮಾನು. ಹಾಳಾದ್ರೆ ನಾಳೆ ನಿಮ್ಮ ತಲೆಗೇ ಬರುತ್ತೆ."

ಇಷ್ಟು ಉದ್ದದ ಮಾತು ಅವರಿಬ್ಬರ ನಡುವೆ ಈಚೆಗೆ ಆಗಿರಲಿಲ್ಲ. ಅವಳ ದನಿಯಲ್ಲಿ ಒಂದು ಉತ್ಸಾಹವಿತ್ತು. ಟೀ ಮಾಡ್ತೀನಿ ಎಂದು ಅವಳೇ ಅಂದು ಅಡುಗೆಮನೆಗೆ ಹೋದಳು. ಅಲ್ಲಿಂದ ಪಾತ್ರೆಯ ಸದ್ದಿನ ಜೊತೆ ಗುನುಗುವುದೂ ಕೇಳಿತು. ಅವಳು ಗುನುಗುತ್ತಾಳೆ ಎನ್ನುವುದೇ ಅವನಿಗೆ ಮರೆತಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅವನು ಕೆಲಸ ಅರ್ಧಕ್ಕೆ ಬಿಡುವ ಜಾತಿಯವನಲ್ಲ. ಅಸ್ಪಷ್ಟ ಎಂದು ಬರೆಯುವ ಮೊದಲು ಇನ್ನೊಂದೇ ಸಲ ಕೇಳಿ ನೋಡುವ ಚಟ ಹತ್ತೊಂಬತ್ತು ವರ್ಷದ್ದು. ಅಂಥದೇ ಫ್ಯಾನು ಮೊದಲ ಪೆಟ್ಟಿಗೆಯನ್ನು ತಣ್ಣಗಿಟ್ಟಿದೆ, ಎರಡನೆಯದನ್ನು ಯಾಕೆ ಇಡುತ್ತಿಲ್ಲ? ಹಳೆಯ ಫ್ಯಾನು ಗಾಳಿಯನ್ನು ಯಾವ ಕಡೆಗೆ ನೂಕುತ್ತಿತ್ತು ಎಂದು ನೋಡಬೇಕೆನಿಸಿತು. ಕೆಟ್ಟುಹೋದ ಮೋಡೆಮಿನ ಅಡಾಪ್ಟರ್ ಒಂದು ಡ್ರಾಯರಿನಲ್ಲಿತ್ತು. ಅದರ ವೈರಿನ ತುದಿ ಸುಲಿದು, ಹಳೆಯ ಫ್ಯಾನಿನ ವೈರಿಗೆ ಹೆಣೆದು, ಟೇಪು ಸುತ್ತಿ ಪ್ಲಗ್ಗಿಗೆ ಹಾಕಿದ. ಫ್ಯಾನು ಮೇಜಿನ ಮೇಲೆ ಬೋರಲು ಬಿದ್ದು ಗೊರಗುಟ್ಟಿತು. ತೆಳ್ಳನೆಯ ಕಾಗದದ ಚೂರು ಹಿಡಿದು ನೋಡಿ, ಸ್ವಿಚ್ ಆರಿಸಿದ. ಹೊಸ ಫ್ಯಾನಿನ ಅಂಚಿನಲ್ಲಿ ಒಂದು ಸಣ್ಣ ಬಾಣದ ಗುರುತಿತ್ತು. ಬಾಣ ಹೊರಗೆ ನೋಡಬೇಕು, ಒಳಗೆ ನೋಡುತ್ತಿತ್ತು.

ಅವನು ಫ್ಯಾನನ್ನು ತಿರುವುಮುರುವು ಕೂರಿಸಿದ್ದ. ಡಿಸ್ಕಿನ ಬಿಸಿಯನ್ನು ಹೊರಗೆ ನೂಕುವ ಬದಲು ಅದು ಗೋಡೆಯ ಬದಿಯಿಂದ, ಪಕ್ಕದ ಪೆಟ್ಟಿಗೆ ಉಗುಳಿದ ಬಿಸಿಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತಿತ್ತು. ಇಷ್ಟು ಓದಿದವನು ಒಂದು ಬಾಣ ನೋಡದೆ ಹೋದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಬೇರೆ ಏನೂ ನೆನಪಾಗಲಿಲ್ಲ. ಗೂಟ ಎಳೆದ, ಫ್ಯಾನನ್ನು ಮಗುಚಿದ, ಮತ್ತೆ ಕೂರಿಸಿದ. ಅಂಕಿಗಳು ಇಳಿದವು. ಅವಳು ಟೀ ತರುವಷ್ಟರಲ್ಲಿ ನಲವತ್ತೇಳು, ಕುಡಿದು ಮುಗಿಸುವಷ್ಟರಲ್ಲಿ ನಲವತ್ತೊಂದು.

"ಸರಿಹೋಯ್ತು," ಎಂದ. ಹೇಳಿದ ಮೇಲೆ ಅವಳ ಮುಖ ನೋಡಿದ.

"ಓ," ಎಂದಳು ಅವಳು.

"ಉಲ್ಟಾ ಹಾಕಿದ್ದೆ."

"ಸರಿಮಾಡಿದ್ರಲ್ಲ."

ಅವಳು ಲೋಟಗಳನ್ನು ಎತ್ತಿಕೊಂಡು ಹೋದಳು. ಗುನುಗು ಕೇಳಲಿಲ್ಲ. ಮಿಕ್ಕದ್ದೆಲ್ಲ ಕೇಳಿತು. ನಲ್ಲಿ ತೊಟ್ಟಿಕ್ಕುವುದು. ಗೋಡೆ ಗಡಿಯಾರ. ಮೇಲಿನ ಮನೆಯಲ್ಲಿ ಯಾರೋ ಚಪ್ಪಲಿ ಎಳೆಯುತ್ತ ನಡೆಯುವುದು. ಅವಳು ಹೊರಗಿನ ಕೋಣೆಯಲ್ಲಿ ಕೂತು ಉತ್ತರ ಪತ್ರಿಕೆಯ ಹಾಳೆ ಮಗುಚುವುದು, ಸರಿ ಗುರುತು ಹಾಕುವಾಗ ಪೆನ್ನು ಕಾಗದವನ್ನು ಗೀರುವುದು, ತಪ್ಪು ಗುರುತಿಗೆ ಎರಡು ಸಲ ಗೀರುವುದು. ಒಮ್ಮೆ ಅವಳು ನಿಟ್ಟುಸಿರು ಬಿಟ್ಟಳು. ಅದು ಯಾವುದೋ ಹುಡುಗಿಯ ಉತ್ತರಕ್ಕೆ ಬಿಟ್ಟದ್ದೋ, ತನಗೇ ಬಿಟ್ಟದ್ದೋ ಅವನಿಗೆ ತಿಳಿಯಲಿಲ್ಲ. ನಾಲ್ಕು ವರ್ಷದಲ್ಲಿ ಅವಳು ಹೀಗೆ ಎಷ್ಟು ಸಲ ನಿಟ್ಟುಸಿರು ಬಿಟ್ಟಿರಬಹುದೆಂದು ಯೋಚಿಸಿ ಅವನಿಗೆ ಭಯವಾಯಿತು. ತಾನು ಉಗುಳು ನುಂಗಿದ್ದು ಅವಳಿಗೂ ಕೇಳಿಸಿರಬೇಕು ಅನ್ನಿಸಿತು.

ಸಂಜೆ ಐದರ ಸುಮಾರಿಗೆ ಅವಳು ಕೋಣೆಗೆ ಬಂದಳು. ಮಂಚದ ಹತ್ತಿರ ನಿಂತಳು. ಮಂಚ ಇಬ್ಬರದು. ಅವಳ ಅರ್ಧದಲ್ಲಿ ಈಗ ಅವನ ಫೈಲುಗಳು, ಸುರುಳಿ ಸುತ್ತಿದ ವೈರುಗಳು, ಹಳೆಯದೊಂದು ಕೀಲಿಮಣೆ ಮಲಗಿದ್ದವು.

"ಇದನ್ನೆಲ್ಲ ತೆಗೀಬೇಕಾಗುತ್ತಲ್ಲ," ಎಂದಳು.

"ಹೂಂ. ತೆಗೀಬಹುದು."

"ಇವತ್ತೇನಾ?"

"ನೋಡೋಣ. ಯಾಕೆ, ಇವತ್ತೇ ತೆಗೀಲಾ?"

"ನಿಮಗೆ ಹೇಗೆ ಅನುಕೂಲವೋ."

ಇಬ್ಬರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟು ನಿಂತರು. ಇನ್ನೊಬ್ಬರು ಬೇಡ ಅನ್ನಲಿ ಎಂದು ಇಬ್ಬರೂ ಕಾಯುತ್ತಿದ್ದರು. ಕೊನೆಗೆ ಅವನು ಫೈಲುಗಳನ್ನು ಎತ್ತಿ ನೆಲಕ್ಕಿಟ್ಟ. ವೈರುಗಳನ್ನು ಕುರ್ಚಿಗೆ ಹಾಕಿದ. ಕೀಲಿಮಣೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ಅದರ ಅಡಿಯಲ್ಲಿ ಹಾಸಿಗೆಯ ಬಣ್ಣ ಮಾಸದೆ ಹೊಸದಾಗಿಯೇ ಉಳಿದಿತ್ತು, ಆಯತಾಕಾರವಾಗಿ.

ಅವಳು ಹೋಗಿ ತನ್ನ ದಿಂಬು ತಂದಳು. ಸೋಫಾದಲ್ಲಿದ್ದು ಅದು ಒಂದು ಮಗ್ಗುಲಿಗೆ ಚಪ್ಪಟೆಯಾಗಿತ್ತು. ಅದನ್ನು ಮಂಚದ ಆ ಅರ್ಧದ ಮೇಲೆ ಇಟ್ಟಳು, ಸ್ವಲ್ಪ ಸರಿಸಿದಳು, ಮತ್ತೆ ಸರಿಸಿದಳು. ಅವನ ದಿಂಬು ನೀಲಿ, ಅವಳದು ಹಳದಿ. ಒಂದು ಮನೆಯ ದಿಂಬುಗಳು ಎಂದು ಹೇಳುವಂತಿರಲಿಲ್ಲ.

ನಾಲ್ಕು ವರ್ಷದ ಮಾತು ಈಗ ಶುರುವಾಗಬಹುದು ಎಂದು ಅವನಿಗನ್ನಿಸಿತು. ಅವಳು ಏನಾದರೂ ಕೇಳಿದರೆ ಏನಂದೆ ಎನ್ನುವ ಹಾಗಿಲ್ಲ. ಎಷ್ಟು ಮೆಲ್ಲಗೆ ಕೇಳಿದರೂ ಕೇಳಿಸುತ್ತದೆ. ಅವಳು ಬಾಯಿ ತೆರೆದಳು. ಅವನು ಕೀಲಿಮಣೆಯನ್ನು ಬಿಗಿಯಾಗಿ ಹಿಡಿದುಕೊಂಡ. ಅವಳು ಬಾಯಿ ಮುಚ್ಚಿ ದಿಂಬನ್ನು ಇನ್ನೊಮ್ಮೆ ಸರಿಸಿದಳು. ಆಗ ಅವಳ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು.

ಅಕ್ಕ. ಸ್ಪೀಕರ್ ಹಾಕದಿದ್ದರೂ ಅಕ್ಕನ ದನಿ ಕೋಣೆ ತುಂಬುವಂಥದ್ದು.

"ಹಾಕಿದ್ರಾ ಫ್ಯಾನು?"

"ಹಾಕಿದ್ರು ಅಕ್ಕ."

"ಎರಡೂ?"

"ಎರಡೂ."

"ಸದ್ದು ಹೋಯ್ತಾ? ನಿಮ್ಮ ಭಾವ ಇಲ್ಲೇ ಕೂತಿದ್ದಾರೆ, ಕೇಳು ಕೇಳು ಅಂತಿದ್ದಾರೆ."

ಅವಳು ತಲೆಯೆತ್ತಿ ಗಂಡನನ್ನು ನೋಡಿದಳು. ಬೆಳಿಗ್ಗೆಯಿಂದ ಅವಳು ಪೆಟ್ಟಿಗೆಯನ್ನು ನೋಡಿದ್ದಳು, ಪರದೆ ನೋಡಿದ್ದಳು, ಮಂಚ ನೋಡಿದ್ದಳು. ಮುಖ ನೋಡಿದ್ದು ಈಗಲೇ. ಆ ನೋಟದಲ್ಲಿ ಬೇಡಿಕೆಯಿತ್ತು. ಯಾವುದರ ಬೇಡಿಕೆ ಎನ್ನುವುದು ಅವನಿಗೆ ಒಂದಕ್ಷರ ಬಿಡದೆ ಅರ್ಥವಾಯಿತು. ಮದುವೆಯಾದಂದಿನಿಂದ ಅವಳನ್ನು ಇಷ್ಟು ಸರಿಯಾಗಿ ಅರ್ಥಮಾಡಿಕೊಂಡ ನೆನಪು ಅವನಿಗಿರಲಿಲ್ಲ.

"ಏನೇ? ಕೇಳಿಸ್ತಿದ್ಯಾ?" ಎಂದಳು ಅಕ್ಕ.

ಅವನು ಕೀಲಿಮಣೆಯನ್ನು ಮಂಚದ ಮೇಲಿಟ್ಟು, ಕೈ ಚಾಚಿ ಅಡಾಪ್ಟರಿನ ಸ್ವಿಚ್ ಒತ್ತಿದ.

ಮೇಜಿನ ಮೇಲೆ ಬೋರಲು ಬಿದ್ದಿದ್ದ ಹಳೆಯ ಫ್ಯಾನು ಒಮ್ಮೆ ಬೆಚ್ಚಿ, ಗೊರಗೊರ ಎಂದು ತಿರುಗತೊಡಗಿತು. ಮರದ ಹಲಗೆಗೆ ತಾಗಿ ಮೊದಲಿಗಿಂತ ಎರಡರಷ್ಟು ಸದ್ದಾಯಿತು.

"ಎಲ್ಲಿ ಹೋಯ್ತು ಅಕ್ಕ," ಎಂದಳು ಅವಳು. ದನಿಯಲ್ಲಿ ಬೇಸರವನ್ನು ಬಲು ಚೆನ್ನಾಗಿ ತಂದಿದ್ದಳು. "ಹಾಗೇ ಇದೆ. ಬೇಕಾದ್ರೆ ನೀನೇ ಕೇಳು."

ಬಗ್ಗಿ ಫೋನನ್ನು ಫ್ಯಾನಿನ ಹತ್ತಿರ ಹಿಡಿದಳು. ಇಬ್ಬರೂ ಅದರ ಎರಡು ಬದಿಗೆ, ಮುಖಕ್ಕೆ ಮುಖ ಕೊಟ್ಟು ನಿಂತಿದ್ದರು. ಅವಳ ತುಟಿಯ ಕೊನೆಯಲ್ಲಿ ನಗು ಬಂದಂತಾಯಿತು. ಅವನಿಗೂ ಬಂತು. ಅವಳು ತೀರ ಹತ್ತಿರದಲ್ಲಿದ್ದಳು. ಅವಳ ಕೈಗೆ ಅಂಟಿದ ಕೆಂಪು ಶಾಯಿಯ ವಾಸನೆ ಅವನಿಗೆ ತಿಳಿಯುತ್ತಿತ್ತು.

ಅಕ್ಕ ಏನೋ ಅಂದಳು. ಅವಳು ಹೂಂ, ಹೂಂ ಎಂದು ಫೋನ್ ಇಟ್ಟಳು. ನಗು ಅಷ್ಟರಲ್ಲಿ ಇಬ್ಬರ ಮುಖದಲ್ಲೂ ಆರಿತ್ತು.

"ಭಾವ ಬೇರೆ ಫ್ಯಾನ್ ಕಳಿಸ್ತಾರಂತೆ," ಎಂದಳು.

ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ಏನಂದೆ?"

"ಏನಿಲ್ಲ."

ಅವಳು ಹಳದಿ ದಿಂಬನ್ನು ಎತ್ತಿ ಎದೆಗವಚಿಕೊಂಡಳು. ಹೋಗಲಿಲ್ಲ, ನಿಂತಿದ್ದಳು. ಗೋಡೆಯ ಬಳಿ ಎರಡು ಪೆಟ್ಟಿಗೆಗಳಲ್ಲಿ ಹೊಸ ಫ್ಯಾನುಗಳು ಯಾರಿಗೂ ಗೊತ್ತಾಗದ ಹಾಗೆ ತಿರುಗಿ ಹತ್ತೊಂಬತ್ತು ವರ್ಷದ ಜಗಳಗಳನ್ನು ತಣ್ಣಗಿಟ್ಟಿದ್ದವು. ಹಳೆಯದು ಯಾವುದನ್ನೂ ತಣಿಸದೆ, ತನ್ನ ನಡುಕಕ್ಕೆ ತಾನೇ ಅಷ್ಟಷ್ಟೇ ಸರಿಯುತ್ತ, ಧೂಳಿನಲ್ಲಿ ಒಂದು ಸಣ್ಣ ಹಾದಿ ಬಿಡುತ್ತ ಮೇಜಿನ ಅಂಚಿನ ಕಡೆಗೆ ನಡೆಯುತ್ತಿತ್ತು. ಹೆಣೆದ ವೈರು ಬಿಗಿದು ಕಿತ್ತುಬರಲು ಇನ್ನು ನಾಲ್ಕು ಬೆರಳಷ್ಟು ಉಳಿದಿತ್ತು. ಆಮೇಲೆ ಮೂರು. ಇಬ್ಬರೂ ಅದನ್ನೇ ನೋಡುತ್ತಿದ್ದರು. ಯಾರೂ ಕೈ ಚಾಚಲಿಲ್ಲ.